ಸವೆದ ನಳಿಗೆ, ಅರ್ಧ ಕಿಲೋ ತೊಗರಿಬೇಳೆ

"ನಳಿಗೆ ಸವೆಯುತ್ತದೆಯೇ?" ಅಪ್ಪ ಇದನ್ನು ಮೂರು ಬಾರಿ ಕೇಳಿದರು. ವಿರಾಜಪೇಟೆಯ ಕಡೆ ಆಗ ಜೋರು ಮಳೆ. ಫೋನಿನಲ್ಲಿ ಅವರ ದನಿಗಿಂತ ಹೆಂಚಿನ ಸದ್ದೇ ಹೆಚ್ಚು. ನನ್ನ ಕೋವಿಯ ನಳಿಗೆ ಸವೆದಿದೆ, ಹೊಸದು ಹಾಕಿಸಬೇಕು ಎಂದ ನನ್ನ ಮಾತು ಕೇಳಿಸಿಲ್ಲವೆಂದು ಮೊದಲು ಅಂದುಕೊಂಡೆ. ಕೇಳಿಸಿತ್ತು, ನಂಬಿಕೆ ಬಂದಿರಲಿಲ್ಲ.

ಅವರ ತಪ್ಪಲ್ಲ. ನಮ್ಮ ಮನೆಯ ಒಂಟಿನಳಿಗೆ ಕೋವಿ ಅಜ್ಜನ ಕಾಲದ್ದು. ಪುತ್ತರಿ ಹಬ್ಬದಲ್ಲಿ ಕದಿರು ತೆಗೆಯುವಾಗ ಒಂದು ಈಡು, ಕೋವಿಗೆ ಪೂಜೆ ಮಾಡುವ ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಕೆಲವು, ಗಂಡು ಮಗು ಹುಟ್ಟಿದರೆ ಒಂದು, ಸಾವಾದರೆ ಎರಡು. ಅದರ ಕೆಲಸ ಅಷ್ಟೇ. ಒಳಗೆಲ್ಲ ನುಣುಪಾದ ಕೊಳವೆ; ಎಣ್ಣೆ ಬಟ್ಟೆ ಎಳೆದು ಕಣ್ಣಿಗೆ ಹಿಡಿದರೆ ಕನ್ನಡಿ. ಇಂಥ ನಳಿಗೆ ಮೂರು ತಲೆಮಾರು ಬಾಳುವುದರಲ್ಲಿ ಅಚ್ಚರಿಯೇನೂ ಇಲ್ಲ. ನನ್ನದು ರೈಫಲ್. ಅದರ ನಳಿಗೆಯೊಳಗೆ ಸುರುಳಿ ಗೀರುಗಳಿವೆ. ಗುಂಡನ್ನು ಹಿಡಿದು ತಿರುಗಿಸುವುದೇ ಆ ಗೀರುಗಳು. ತಿರುಗಿದರೆ ಮಾತ್ರ ಗುಂಡು ನೆಟ್ಟಗೆ ಹೋಗುತ್ತದೆ.

ನಾನಿರುವುದು ಅಮೆರಿಕದ ಮೊಂಟಾನಾ ರಾಜ್ಯದ ಮಿಸೂಲಾದಲ್ಲಿ. ಆಸ್ಪತ್ರೆಯೊಂದರ ಔಷಧಾಲಯದಲ್ಲಿ ಕೆಲಸ. ಇಲ್ಲಿ ಅಕ್ಟೋಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ ರೈಫಲ್ ಶಿಕಾರಿಯ ಕಾಲ. ಪರವಾನಗಿ ಪಡೆದು, ಒಂದು ಎಲ್ಕ್ (ಇಲ್ಲಿನ ದೊಡ್ಡ ಜಿಂಕೆ) ಸಿಕ್ಕಿದರೆ ನಮ್ಮ ಮನೆಗೆ ವರ್ಷದ ಮಾಂಸ. ಕೋವಿ ರೆಮಿಂಗ್ಟನ್ 700, ತೋಟಾ 7 ಎಂಎಂ ರೆಮಿಂಗ್ಟನ್ ಮ್ಯಾಗ್ನಮ್. ಎರಡೂ 1962ರಲ್ಲಿ ಒಟ್ಟಿಗೆ ಹುಟ್ಟಿದವು. ನಾನು ಕೊಂಡದ್ದು ಎರಡನೆಯ ಕೈಯಿಂದ. ಮೊದಲಿನ ಯಜಮಾನರು ಗುರಿಯ ಮೈದಾನದಲ್ಲಿ ಬೇಸಿಗೆಯಿಡೀ ಕಳೆಯುತ್ತಿದ್ದವರು ಎಂಬುದು ಆಮೇಲೆ ತಿಳಿಯಿತು.

ಕಳೆದ ವರ್ಷ ನೂರು ಗಜಕ್ಕೆ ಒಂದೂವರೆ ಇಂಚಿನೊಳಗೆ ಕೂರುತ್ತಿದ್ದ ಮೂರು ಗುಂಡುಗಳು ನಾಲ್ಕು ಇಂಚಿಗೆ ಚದುರಿದವು, ಮುಂದಿನ ವಾರ ಐದಕ್ಕೆ. ಮೊದಲು ನನ್ನನ್ನೇ ಸಂಶಯಿಸಿದೆ. ಆಮೇಲೆ ದುರ್ಬೀನಿನ ತಿರುಪುಗಳನ್ನು, ಮರದ ಹಿಡಿಗೆ ಕಬ್ಬಿಣವನ್ನು ಬಿಗಿದ ತಿರುಪುಗಳನ್ನು. ಗುಂಡಿನ ಹೊದಿಕೆಯಿಂದ ಒಳಗೆ ಅಂಟಿದ್ದ ತಾಮ್ರವನ್ನು ಮೂರು ಸಂಜೆ ಉಜ್ಜಿ ತೆಗೆದೆ. ದುರ್ಬೀನನ್ನೇ ಬದಲಾಯಿಸಿ ನೋಡಿದೆ. ಕೊನೆಗೆ ಕೋವಿ ರಿಪೇರಿ ಮಾಡುವವರೊಬ್ಬರು ನಳಿಗೆಯೊಳಗೆ ತೆಳ್ಳನೆಯ ಕ್ಯಾಮೆರಾ ಇಳಿಸಿ ತೋರಿಸಿದರು. ತೋಟಾ ಕೂರುವ ಕೋಣೆ ಮುಗಿದು ಗೀರುಗಳು ಶುರುವಾಗುವ ಗಂಟಲಿನ ಭಾಗ, ನೀರು ಬತ್ತಿದ ಗದ್ದೆಯಂತೆ ಬಿರುಕು ಬಿಟ್ಟಿತ್ತು. ಈ ತೋಟಾದಲ್ಲಿ 60 ಗ್ರೇನ್‌ಗೂ ಹೆಚ್ಚು ಮದ್ದು ಉರಿಯುತ್ತದೆ, ಅಂದರೆ ನಾಲ್ಕು ಗ್ರಾಂನಷ್ಟು. (ಗ್ರೇನ್ ನನಗೆ ಹೊಸದಲ್ಲ. ನಾವು ಕೊಡುವ 325 ಮಿಲಿಗ್ರಾಂ ಆಸ್ಪಿರಿನ್ ಹಳೆಯ ಲೆಕ್ಕದಲ್ಲಿ ಐದು ಗ್ರೇನ್. ಮದ್ದು ಎಂಬ ಮಾತೂ ನಮ್ಮಲ್ಲಿ ಎರಡಕ್ಕೂ ಒಂದೇ.) ಅಷ್ಟು ಬೆಂಕಿ 7 ಮಿಲಿಮೀಟರಿನ ತೂತಿನಲ್ಲಿ ಪ್ರತಿ ಸಲ ನುಗ್ಗಿದರೆ ಉಕ್ಕಾದರೂ ಎಷ್ಟು ತಡೆದೀತು? ಸಾವಿರ ಚಿಲ್ಲರೆ ಈಡುಗಳಲ್ಲಿ ಗಂಟಲು ಹೋಗುತ್ತದೆ.

ಇದನ್ನೆಲ್ಲ ವಿವರಿಸಿದ ಮೇಲೆ ಅಪ್ಪನ ಎರಡನೆಯ ಪ್ರಶ್ನೆ: "ಹೊಸ ನಳಿಗೆಗೆ ಡಿ.ಸಿ. ಕಚೇರಿಗೆ ಅರ್ಜಿ ಹಾಕಬೇಕಲ್ಲ?" ಬೇಡ, ಮನೆ ಬಾಗಿಲಿಗೆ ಕೊರಿಯರಿನಲ್ಲಿ ಬರುತ್ತದೆ ಎಂದೆ. ಇಲ್ಲಿನ ಕೇಂದ್ರ ಕಾನೂನಿನ ಕಣ್ಣಿಗೆ ಕೋವಿಯೆಂದರೆ ತೋಟಾವನ್ನು ಒಳಗೆ ತಳ್ಳುವ ಬೋಲ್ಟ್ ಓಡಾಡುವ, ಸಂಖ್ಯೆ ಕೊರೆದ ಆ ನಡುವಿನ ಭಾಗ ಮಾತ್ರ, ನಳಿಗೆ ಬಿಡಿಭಾಗ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಶಸ್ತ್ರವೇ. ಪರವಾನಗಿಯಿಂದ ವಿನಾಯಿತಿಯಿರುವ ಕೊಡವರ ಮನೆಯಲ್ಲಿ ಹುಟ್ಟಿಯೂ ಅಪ್ಪನಿಗೆ ಇದು ಅರಗಲಿಲ್ಲ. "ಅಂಚೆಯಲ್ಲಿ ನಳಿಗೆ!" ಎಂದು ಅವ್ವನಿಗೆ ಕೂಗಿ ಹೇಳಿದ್ದು ಕೇಳಿಸಿತು.

ಆಮೇಲೆ ಶುರುವಾಯಿತು ಆಯ್ಕೆಯ ಕಾಟ. ಹೆಣ್ಣು ನೋಡುವ ಶಾಸ್ತ್ರಕ್ಕಿಂತ ಕಷ್ಟ, ಸಲಹೆ ಕೊಡುವವರೂ ಅಷ್ಟೇ ಜನ.

ಗೀರು ಹಾಕುವುದರಲ್ಲೇ ಎರಡು ಪಂಥಗಳಿವೆ. ಒಂದರಲ್ಲಿ ಸಣ್ಣ ಕೊಕ್ಕೆಯಂಥ ಉಳಿಯನ್ನು ನಳಿಗೆಯೊಳಗೆ ಎಳೆದೆಳೆದು ಕೆತ್ತುತ್ತಾರೆ. ಒಂದು ಎಳೆತಕ್ಕೆ ಹೋಗುವುದು ಇಂಚಿನ ಹತ್ತು ಸಾವಿರದ ಒಂದು ಭಾಗದಷ್ಟು. ಈ ಕೆಲಸಕ್ಕೆ ಪ್ರಾಟ್ ಅಂಡ್ ವಿಟ್ನಿಯವರ ಹಳೆಯ ಯಂತ್ರಗಳಿಗೆ ಇಂದಿಗೂ ಬೆಲೆಯಿದೆ. ಹೌದು, ವಿಮಾನದ ಎಂಜಿನ್ನಿನ ಮೇಲೆ ನಾವು ಓದುವ ಅದೇ ಹೆಸರು. ಮೊದಲು ಅದು ಯಂತ್ರೋಪಕರಣಗಳ ಕಂಪನಿ. ಇನ್ನೊಂದರಲ್ಲಿ ಕಾರ್ಬೈಡ್ ಎಂಬ ಗಟ್ಟಿ ವಸ್ತುವಿನ ಬಟನ್ನೊಂದನ್ನು ಬಲವಾಗಿ ಎಳೆದು ಉಕ್ಕಿನಲ್ಲಿ ಗೀರು ಒತ್ತಿಬಿಡುತ್ತಾರೆ, ಕೆಲಸ ಬೇಗ. ಉಕ್ಕಿನೊಳಗೆ ಉಳಿಯುವ ಬಿಗಿತವನ್ನು ಕಾಯಿಸಿ ಇಳಿಸಬೇಕು. ವಿಸ್ಕಾನ್ಸಿನ್‌ನ ಕ್ರೀಗರ್ ಮೊದಲ ಪಂಥ, ನಮ್ಮದೇ ಮೊಂಟಾನಾದ ಪ್ಲೇನ್ಸ್ ಎಂಬ ಪುಟ್ಟ ಊರಿನ ಲಿಲ್ಯಾ ಎರಡನೆಯದು. ಎರಡೂ ಕಡೆಯ ನಳಿಗೆಗಳು ನನ್ನ ಕೈಗಿಂತ ಎಷ್ಟೋ ಪಾಲು ನಿಖರ. ಹೀಗಿರುವಾಗ ಆ ವಾದದಲ್ಲಿ ಮೂರು ವಾರ ಕಳೆದದ್ದು ನನ್ನ ಬುದ್ಧಿಗೇಡಿತನ.

ದಾರಿ ತಪ್ಪಿಸಿದ್ದು ನನ್ನದೇ ಆಸೆ. 26 ಇಂಚು ಉದ್ದದ, ಕೈತುಂಬುವ ದಪ್ಪದ ನಳಿಗೆ ಬೇಕೆನಿಸಿತು. ಉದ್ದದ ಒಂದೊಂದು ಇಂಚಿಗೂ ಗುಂಡಿನ ವೇಗ ಸೆಕೆಂಡಿಗೆ 20ರಿಂದ 30 ಅಡಿ ಹೆಚ್ಚುತ್ತದೆ, ದಪ್ಪವಿದ್ದರೆ ಬೇಗ ಕಾಯುವುದಿಲ್ಲ, ಎರಡೂ ನಿಜ. ಹಗುರವೂ ಬೇಕಾದರೆ ಉಕ್ಕಿನ ತೆಳು ನಳಿಗೆಗೆ ಇಂಗಾಲದ ನಾರು ಸುತ್ತಿದ್ದು ಸಿಗುತ್ತದೆ. ಬೆಲೆ ಕೇಳಿ ಸುಮ್ಮನಾದೆ. ಆರ್ಡರ್ ಕೊಡುವ ಹಿಂದಿನ ಭಾನುವಾರ, ಹೆಚ್ಚಾಗುವ ಭಾರ ಎಷ್ಟೆಂದು ಲೆಕ್ಕ ಹಾಕಿ, ಖಾಲಿ ಕೋವಿಯ ಬಾಯಿಯ ಬಳಿ ಅರ್ಧ ಕಿಲೋ ತೊಗರಿಬೇಳೆಯ ಪೊಟ್ಟಣವನ್ನು ಟೇಪಿನಿಂದ ಸುತ್ತಿ, ಬಿಟರ್‌ರೂಟ್ ಕಣಿವೆಯ ಕಾಡುದಾರಿಯಲ್ಲಿ ಆರು ಮೈಲಿ ನಡೆದೆ. ಎದುರಿಗೆ ಬಂದ ದಂಪತಿ ಬೇಳೆಯನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ನಾಲ್ಕನೆಯ ಮೈಲಿಗೆ ನನ್ನ ಎಡ ಹೆಗಲು ಉತ್ತರ ಕೊಟ್ಟಿತು. ಮನೆಗೆ ಬಂದು ಶಿಕಾರಿಯ ಡೈರಿ ತೆಗೆದೆ. ಆರು ವರ್ಷ, ಏಳು ಪ್ರಾಣಿ. ಅತಿ ದೂರದ ಈಡು 240 ಗಜ. ಒಂದರ ಮೇಲೊಂದು ಹತ್ತು ಗುಂಡು ಹಾರಿಸಿದ ದಿನ ಒಂದೂ ಇಲ್ಲ. ಆ ದಪ್ಪ ನಳಿಗೆ ಬೇರೆ ಯಾರಿಗೋ ಬೇಕಾದದ್ದು. 24 ಇಂಚು, ತೆಳು ಮೈ ಎಂದು ಬರೆದುಕೊಂಡೆ. ಬೇಳೆ ಆ ರಾತ್ರಿಯೇ ಸಾರಾಯಿತು.

ತಿರುವು ಮಾತ್ರ ನಿಜವಾಗಿ ಯೋಚಿಸಬೇಕಾದ ವಿಷಯ. ಹಳೆಯ ನಳಿಗೆಯಲ್ಲಿ ಗುಂಡು ಒಂದು ಪೂರ್ತಿ ಸುತ್ತು ತಿರುಗಲು ಒಂಬತ್ತು ಇಂಚಿಗಿಂತ ತುಸು ಹೆಚ್ಚು ಬೇಕಿತ್ತು. ಸೀಸದ ಗುಂಡಿಗೆ ಅದು ಸಾಕು. ಆದರೆ ನಾನು ಸೀಸ ಬಿಡಬೇಕೆಂದಿದ್ದೆ. ಸೀಸದ ಗುಂಡು ಮೈಯೊಳಗೆ ಸಣ್ಣ ಚೂರುಗಳಾಗಿ ಹರಡುತ್ತದೆ. ಕಾಡಿನಲ್ಲಿ ಬಿಟ್ಟುಬಂದ ಕರುಳನ್ನು ಹದ್ದು, ಕಾಗೆಗಳು ತಿನ್ನುತ್ತವೆ, ಮಾಂಸವನ್ನು ನನ್ನ ಮಗಳು ತಿನ್ನುತ್ತಾಳೆ. ಸೀಸ ಮಕ್ಕಳ ಮಿದುಳಿಗೆ ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪೂರ್ತಿ ತಾಮ್ರದ ಗುಂಡೇ ಸರಿ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡನ್ನು ನೆಟ್ಟಗೆ ಇಡಲು ಹೆಚ್ಚು ವೇಗವಾಗಿ ತಿರುಗಿಸಬೇಕು. ಈಗಿನವರು ಎಂಟು ಇಂಚು ಎನ್ನುತ್ತಾರೆ, ನಾನು ಒಂಬತ್ತಕ್ಕೆ ನಿಂತೆ.

ತೋಟಾವನ್ನೇ ಬದಲಾಯಿಸಿ, 2022ರಲ್ಲಿ ಬಂದ 7 ಪಿಆರ್‌ಸಿಗೆ ಹೋಗಿ ಎಂದು ಕೋವಿ ರಿಪೇರಿಯವರು ಹೇಳಿದರು. ಇಲ್ಲಿನ ಯಾವ ಹಳ್ಳಿಯ ಹಾರ್ಡ್‌ವೇರ್ ಅಂಗಡಿಗೆ ಹೋದರೂ ನನ್ನ ತೋಟಾ ಸಿಗುತ್ತದೆ, ಹೊಸದಕ್ಕೆ ಆ ಖಾತರಿಯಿಲ್ಲ. ಬೇಡವೆಂದೆ.

ಉಕ್ಕಿನ ಬಗ್ಗೆ ಎಲ್ಲರಿಗೂ ಹೇಳುವ ಕಾರಣ ಬೇರೆ, ನಿಜ ಬೇರೆ. ಸ್ಟೇನ್‌ಲೆಸ್ ಉಕ್ಕಿನ ತೆಳು ನಳಿಗೆಗಳನ್ನು ಕಡುಚಳಿಯಲ್ಲಿ ಬಳಸುವ ಬಗ್ಗೆ ಕೆಲವು ತಯಾರಕರೇ ಎಚ್ಚರಿಸುತ್ತಾರೆ. ನವೆಂಬರಿನಲ್ಲಿ ಇಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಆದ್ದರಿಂದ ಕ್ರೋಮಿಯಂ, ಮಾಲಿಬ್ಡಿನಮ್ ಬೆರೆಸಿದ ಕ್ರೋಮ್-ಮಾಲಿ ಉಕ್ಕು, ಆದ್ದರಿಂದ ಆ ಉಕ್ಕಿನಲ್ಲಿ ಮಾಡಿಕೊಡುವ ಕ್ರೀಗರ್. ಕೇಳಿದವರಿಗೆ ಇಷ್ಟನ್ನೇ ಹೇಳಿದೆ. ನಿಜವೇನೆಂದರೆ, ಸ್ಟೇನ್‌ಲೆಸ್ ನನಗೆ ಅಡುಗೆಮನೆಯ ಲೋಟದಂತೆ ಕಾಣುತ್ತದೆ. ಕೋವಿ ಎಂದರೆ ನನ್ನ ಕಣ್ಣಿಗೆ ಅಜ್ಜನ ಕೋವಿಯ ನೀಲಿಗಪ್ಪು.

ಕಾಯುವುದು ತಿಂಗಳುಗಟ್ಟಲೆ. ಆಗಸ್ಟ್ ಕೊನೆಗೆ ನಳಿಗೆ ಬಂದಿತು, ಅದರೊಂದಿಗೆ ಕೋವಿಯೂ ಲೇತ್ ಮೇಲೆ ಹೋಯಿತು. ಇದು ಮನೆಯಲ್ಲಿ ತಿರುಪಿ ಕೂರಿಸುವಂಥದಲ್ಲ. ಆ ಒಂದು ಕೋವಿಯ ಅಳತೆಗೇ ಕೋಣೆ ಕೊರೆದು, ಬೋಲ್ಟಿಗೂ ತೋಟಾಕ್ಕೂ ನಡುವಿನ ಜಾಗ ಗೇಜಿನಲ್ಲಿ ಸರಿಯಾಗಿ ಬರುವಂತೆ ಹೊಂದಿಸಬೇಕು. ಹೀಗಾಗಿ ಸೆಪ್ಟೆಂಬರಿನ ಕೈಲ್‌ಪೊಳ್ದ್‌ಗೆ ನನ್ನ ಮನೆಯಲ್ಲಿದ್ದದ್ದು ಮರದ ಹಿಡಿ ಮತ್ತು ಕಳಚಿದ ಹಳೆಯ ನಳಿಗೆ ಮಾತ್ರ. ಊರಿನಲ್ಲಿ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತೇವೆ. ಅದೇ, ಕನ್ನಡದವರ ಅಗ್ನಿಶಿಖೆ. ಇಲ್ಲಿ ಎಲ್ಲಿಂದ ತರಲಿ? ಹಿತ್ತಲಿನ ಚೆಂಡುಹೂವನ್ನೇ ಸಿಕ್ಕಿಸಿ ಅಪ್ಪನಿಗೆ ವಿಡಿಯೊ ಕರೆ ಮಾಡಿದೆ.

"ಮಿಕ್ಕಿದ್ದೆಲ್ಲಿ?" ಎಂದರು.

"ಕಾರ್ಖಾನೆಯಲ್ಲಿದೆ ಅಪ್ಪ."

"ಅದಕ್ಕೂ ಒಂದು ಹೂವು ಕಳಿಸಬಾರದಿತ್ತೇ?"

ಕೋವಿ ಮೂರು ವಾರದ ಮೇಲೆ ಬಂದಿತು. ನೂರು ಗಜದಲ್ಲಿ ಮೊದಲ ಮೂರು ತಾಮ್ರದ ಗುಂಡುಗಳು ಒಂದು ಇಂಚಿನೊಳಗೆ. ಹಳೆಯ ನಳಿಗೆ ದೇವರ ಮೂಲೆಯ ಹಿಂದೆ ಗೋಡೆಗೊರಗಿ ನಿಂತಿದೆ. ಟೊಮೆಟೊ ಗಿಡಕ್ಕೆ ಊರುಗೋಲಾಗಿ ಕೊಡು ಎಂದು ನಮ್ಮ ಮನೆಯವರು ಎರಡು ಸಲ ಕೇಳಿದ್ದಾರೆ. ಅವರು ತುಮಕೂರಿನವರು.