ಹೂ ಬಿಟ್ಟ ಗಿಡದೊಳಗೆ

ಕಾಫಿ ತೋಟದವರ ಮುಂದೆ ಬೋರರ್ ಅಂತ ಮಾತೆತ್ತಿದರೆ ಸಾಕು, ಮುಖ ಸಪ್ಪಗಾಗುತ್ತದೆ. ಬಿಳಿ ಕಾಂಡಕೊರಕ ಹುಳು. ಕಾಫಿಯಲ್ಲಿ ರೋಬಸ್ಟಾ ಜಾತಿಯ ತಂಟೆಗೆ ಅದು ಅಷ್ಟಾಗಿ ಹೋಗುವುದಿಲ್ಲ, ಅರೇಬಿಕಾ ಆದರೆ ಬಿಡುವುದಿಲ್ಲ. ಚಿಕ್ಕಮಗಳೂರಿನ ಆಲ್ದೂರು ಕಡೆ ಇರುವ ನಮ್ಮಣ್ಣನ ತೋಟ ಪೂರ್ತಿ ಅರೇಬಿಕಾ. ಮಾರ್ಚ್‌ನಲ್ಲಿ ನಾನು ಹಾಸನದಿಂದ ಅಲ್ಲಿಗೆ ಹೋಗುವ ಹೊತ್ತಿಗೆ ಹೂಮಳೆಯಾಗಿ ತೋಟವೆಲ್ಲ ಬೆಳ್ಳಗೆ ಅರಳಿತ್ತು. ಅಣ್ಣ ಮಾತ್ರ ಹೂವಿನ ಕಡೆ ತಲೆ ಎತ್ತಿರಲಿಲ್ಲ. ಮೇಸ್ತ್ರಿ ಜೊತೆ ಬಗ್ಗಿಕೊಂಡು ಒಂದೊಂದೇ ಗಿಡದ ಕಾಂಡ ಸವರುತ್ತಿದ್ದ. ಏಪ್ರಿಲ್‌ನಲ್ಲಿ ಹುಳು ದುಂಬಿಯಾಗಿ ಹೊರಬಂದು ಹಾರುವ ಮುಂಚೆ ಬೋರರ್ ಹಿಡಿದ ಗಿಡ ಹುಡುಕಿ ತೆಗೆಯಬೇಕು. ಇಲ್ಲದಿದ್ದರೆ ಪಕ್ಕದವೂ ಹೋಗುತ್ತವೆ.

"ಇಲ್ಲಿ ಮುಟ್ಟಿ ನೋಡೇ" ಅಂದ.

ತೊಗಟೆಯ ಮೇಲೆ ಸಣ್ಣಗೆ ಉಬ್ಬಿದ ಗೆರೆ ಬೆರಳಿಗೆ ಸಿಕ್ಕಿತು. ಅಷ್ಟೇ. ಎಲೆ ಹಸಿರಾಗಿತ್ತು, ಕೊಂಬೆ ತುಂಬ ಹೂವಿತ್ತು. ಮೇಸ್ತ್ರಿ ಕತ್ತಿಯಿಂದ ಕಾಂಡ ಸೀಳಿದ. ಒಳಗೆ ಅಂಕುಡೊಂಕು ಸುರಂಗ, ಅದರ ತುಂಬ ಗಟ್ಟಿಯಾಗಿ ಜಡಿದ ಪುಡಿ. ಹುಳು ಕೊರೆದ ದಾರಿಯನ್ನು ತಾನೇ ಮುಚ್ಚಿಕೊಂಡು ಮುಂದೆ ಹೋಗುತ್ತದೆ. ಅದಕ್ಕೇ ಹೊರಗೆ ತೂತು ಕಾಣುವುದಿಲ್ಲ. ದುಂಬಿ ಮೊಟ್ಟೆ ಇಡುವುದು ತೊಗಟೆಯ ಬಿರುಕಿನಲ್ಲಿ. ಮರಿ ಮೊದಲು ತೊಗಟೆಯ ಕೆಳಗಷ್ಟೇ ತಿನ್ನುತ್ತದೆ, ಆಮೇಲೆ ಗಟ್ಟಿ ಕಾಂಡದೊಳಕ್ಕೆ ಇಳಿಯುತ್ತದೆ. ಎಳೇ ಗಿಡವಾದರೆ ಬೇಗ ಸಾಯುತ್ತದೆ. ಬಲಿತ ಗಿಡ ಇನ್ನೂ ಕೆಲವು ವರ್ಷ ಅಷ್ಟೋ ಇಷ್ಟೋ ಫಸಲು ಕೊಡುತ್ತಾ ನಿಂತಿರುತ್ತದೆ. ನನಗೆ ಭಯ ಹುಟ್ಟಿಸಿದ್ದು ಅದೇ.

"ನೆರಳು ಕಮ್ಮಿಯಾದ ಕಡೆ ಜಾಸ್ತಿ ಬರುತ್ತೆ. ಒಂದು ಮರ ತಾನೇ ಅಂತ ಕಡಿಸ್ತೀವಲ್ವಾ, ಅಲ್ಲಿಂದ ಶುರು" ಅಂದ ಅಣ್ಣ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ನಂದೂ ಹಾಗೇ ಆಗಿತ್ತು" ಅಂದ.

ಕುಯ್ಲಿನ ಕಾಲದಲ್ಲಿ ಆಳು ಸಿಗುವುದೇ ಕಷ್ಟ. ಹಾಗಾಗಿ ಒಂದು ಭಾನುವಾರ ಅಣ್ಣ ಚರ್ಚಿನ ಆರಾಧನೆಗೆ ಹೋಗಲಿಲ್ಲವಂತೆ. ಮುಂದಿನ ವಾರ ಕಣದಲ್ಲಿ ಕಾಫಿ ಒಣಗುತ್ತಿತ್ತು, ಮೋಡ ಬೇರೆ. ಕುಯ್ಲು ಮುಗಿದ ಮೇಲೆ ಹೋಗದಿರಲು ಕಾರಣವೇ ಬೇಕಾಗಲಿಲ್ಲ. ರಾತ್ರಿ ಮನೆಪ್ರಾರ್ಥನೆ ನಿಂತಿತು. ಸಂಜೆ ಸ್ನೇಹಿತರ ಜೊತೆ ಕುಡಿಯೋದು ಶುರುವಾಯಿತು. ಕೂಲಿ ಲೆಕ್ಕದಲ್ಲಿ ಅಲ್ಲೊಂದು ಇಲ್ಲೊಂದು ಅರ್ಧ ದಿನ ಕಡಿಮೆ ಬರೆಯೋದೂ ಶುರುವಾಯಿತು.

"ದೇವರು ಬೇಡ ಅಂತ ಯಾವತ್ತೂ ಅಂದುಕೊಂಡವನಲ್ಲ ಕಣೇ. ಸಭೆಗೆ ಕಾಣಿಕೆ ಕಳಿಸ್ತಿದ್ದೆ, ಕ್ರಿಸ್ಮಸ್‌ಗೆ ಎಲ್ಲರ ಮನೆಗೂ ಕೇಕ್ ಕೊಡ್ತಿದ್ದೆ. ನೋಡೋರಿಗೆ ಚೆನ್ನಾಗೇ ಕಾಣ್ತಿದ್ದೆ."

ಅವನನ್ನು ಎಳೆದು ತಂದದ್ದು ಸಭೆಯ ಒಬ್ಬ ಅಜ್ಜಿ. ಶನಿವಾರ ಶನಿವಾರ ಬಸ್ ಹತ್ತಿ ಬರುತ್ತಿದ್ದರು. ಬುದ್ಧಿ ಹೇಳಲಿಲ್ಲ, ಏನೂ ಕೇಳಲಿಲ್ಲ. ಬೈಬಲಿನ ಒಂದು ಕೀರ್ತನೆ ಓದಿ, ಅವನ ಕೈ ಹಿಡಿದು ಪ್ರಾರ್ಥನೆ ಮಾಡಿ, ಸಂಜೆ ಬಸ್ಸಿಗೆ ವಾಪಸ್. ಅಣ್ಣ ಬೇಕೆಂದೇ ತೋಟದಲ್ಲಿ ಉಳಿದ ದಿನ ಅತ್ತಿಗೆಯ ಕೈ ಹಿಡಿದು ಪ್ರಾರ್ಥಿಸಿ ಹೋದರು. ಎಷ್ಟೋ ತಿಂಗಳಾದ ಮೇಲೆ ಒಂದು ಶನಿವಾರ ಅಣ್ಣ ಅತ್ತುಬಿಟ್ಟ. ಆ ವಾರವೇ ಲೆಕ್ಕದ ಪುಸ್ತಕ ತೆಗೆದು, ಆಳುಗಳನ್ನು ಕರೆದು, ತಾನು ಉಳಿಸಿಕೊಂಡಿದ್ದ ಕೂಲಿ ಕೊಟ್ಟ.

ಕೇಳುತ್ತಾ ನನಗೆ ಬೈಬಲಿನ ಲೋಟನ, ಅಬ್ರಹಾಮನ ಸಹೋದರನ ಮಗನ, ನೆನಪಾಯಿತು. ಅವನೂ ಒಂದೇ ದಿನಕ್ಕೆ ಪಾಪಕ್ಕೆ ಹೆಸರಾದ ಸೊದೋಮ್ ಊರಿನವನಾಗಲಿಲ್ಲ. ಆದಿಕಾಂಡದ 13ನೆಯ ಅಧ್ಯಾಯದಲ್ಲಿ ನೀರಾವರಿಯ ಬಯಲು ಕಂಡು, ಅದನ್ನೇ ಆರಿಸಿಕೊಂಡು, ಆ ಊರಿನ ಕಡೆಗೆ ಗುಡಾರ ಹಾಕುತ್ತಾನೆ. 14ರಲ್ಲಿ ಊರೊಳಗೇ ವಾಸ. 19ಕ್ಕೆ ಬಂದರೆ ಊರಬಾಗಿಲಲ್ಲಿ, ದೊಡ್ಡವರು ಕೂರುವ ಜಾಗದಲ್ಲಿ ಕೂತಿದ್ದಾನೆ. ನಾಶ ಬರುತ್ತಿದೆ ಅಂತ ದೇವದೂತರು ಹೇಳಿದರೂ ಹೊರಡಲು ತಡಮಾಡುತ್ತಾನೆ. ಆಗ ಯೆಹೋವನು ಕನಿಕರಿಸಿದ್ದರಿಂದ ಅವನನ್ನೂ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ದೂತರು ಕೈಹಿಡಿದು ಊರ ಹೊರಗೆ ತರುತ್ತಾರೆ. ಈ 16ನೆಯ ವಚನವನ್ನು ನಾನು ಎಷ್ಟೋ ಸಲ ಓದಿದ್ದೆ. ಕೈ ಚಾಚಿದವನು ಲೋಟ ಅಲ್ಲ ಅನ್ನುವುದು ಅವತ್ತು ತೋಟದಲ್ಲಿ ಮನಸ್ಸಿಗೆ ನಾಟಿತು. ಅಂಥವನನ್ನೇ ಯೇಸುವಿನ ಶಿಷ್ಯ ಪೇತ್ರ ತನ್ನ ಎರಡನೆಯ ಪತ್ರದಲ್ಲಿ ನೀತಿವಂತ ಅಂತ ಕರೆಯುತ್ತಾನೆ!

ಸಂಜೆ ಬೋರರ್ ಗಿಡಗಳನ್ನು ರಾಶಿ ಹಾಕಿ ಸುಟ್ಟರು. ಒಳಗಿನ ಹುಳು ಸಾಯಬೇಕಾದರೆ ಹಾಗೇ ಮಾಡಬೇಕು. ಗಿಡಕ್ಕೂ ಮನುಷ್ಯನಿಗೂ ಹೋಲಿಕೆ ಇಲ್ಲಿಗೆ ಮುಗಿಯಿತು. ಒಳಗೆ ಟೊಳ್ಳಾದವನನ್ನು ದೇವರು ಬೆಂಕಿಗೆ ಹಾಕಲಿಲ್ಲ. ಅಜ್ಜಿಯನ್ನು ಬಸ್ ಹತ್ತಿಸಿ ಕಳಿಸಿದ. ಇದನ್ನು ಕೃಪೆ ಅನ್ನದೆ ಇನ್ನೇನು ಅನ್ನಲಿ?

ರಾತ್ರಿ ಪ್ರಾರ್ಥನೆ ಆದ ಮೇಲೆ ಅತ್ತಿಗೆ, "ಕೆಳಗಿನ ತಿರುವಿನ ಮನೆಯವರು ಕುಯ್ಲು ಶುರುವಾದಾಗಿಂದ ಸಭೆಗೆ ಬಂದಿಲ್ಲ. ಬೆಳಿಗ್ಗೆ ಹೋಗಿ ಬರೋಣ್ವಾ?" ಅಂದರು. ಹಾಸನದ ಬಸ್ಸಿಗೆ ಹೊರಡುವ ಮುಂಚೆ ಇಬ್ಬರೂ ಹೋದೆವು. ಯಾಕೆ ಬರಲಿಲ್ಲ ಅಂತ ಕೇಳಲಿಲ್ಲ. ಅವರು ಕೊಟ್ಟ ಕಾಫಿ ಕುಡಿದು, 121ನೆಯ ಕೀರ್ತನೆ ಓದಿ ಪ್ರಾರ್ಥನೆ ಮಾಡಿದೆವು. ಮುಂದಿನ ಶನಿವಾರ ಮತ್ತೆ ಬರ್ತೀನಿ ಅಂತ ಅತ್ತಿಗೆ ಅವರಿಗೆ ಹೇಳಿದರು.