ಕೆಲಸವಿಲ್ಲದ ನಾಲ್ಕು ವರ್ಷ

ಬೆಂಗಳೂರಿನ ಕಂಪನಿಯೊಂದರ ಅಕೌಂಟ್ಸ್ ವಿಭಾಗಕ್ಕೆ ಜನರನ್ನು ಆರಿಸುವ ಸಂದರ್ಶನಗಳಲ್ಲಿ ನಾನು ಹಲವು ವರ್ಷಗಳಿಂದ ಕುಳಿತಿದ್ದೇನೆ. ಅರ್ಜಿಗಳನ್ನು ವಿಂಗಡಿಸುವಾಗ ಎಲ್ಲರ ಕಣ್ಣೂ ಮೊದಲು ಹೋಗುವುದು ಇಸವಿಗಳ ಮೇಲೆ. ಹಿಂದಿನ ಕೆಲಸ ಬಿಟ್ಟು ಆರು ತಿಂಗಳಾಗಿದ್ದರೆ ಪ್ರಶ್ನೆ ಏಳುತ್ತದೆ. ಎರಡು ವರ್ಷ ದಾಟಿದ್ದರೆ ಪ್ರಶ್ನೆಯನ್ನೂ ಕೇಳದೆ ಅರ್ಜಿಯನ್ನು ಬದಿಗಿಡುತ್ತಾರೆ. ‘ಇಷ್ಟು ದಿನ ಯಾರೂ ತೆಗೆದುಕೊಂಡಿಲ್ಲವೆಂದರೆ ಏನೋ ಕೊರತೆ ಇರಲೇಬೇಕು’ ಎಂಬ ಮಾತನ್ನು ಎಷ್ಟೋ ಸಲ ಕೇಳಿದ್ದೇನೆ, ಒಂದೆರಡು ಸಲ ನಾನೂ ಆಡಿದ್ದೇನೆ.

ಬೇರೆಯವರು ಪರೀಕ್ಷಿಸಿಯೇ ಬೇಡವೆಂದಿರಬೇಕು ಎಂದು ನಂಬಿ ನಾವು ಪರೀಕ್ಷಿಸುವುದಿಲ್ಲ. ಆ ಬೇರೆಯವರೂ ಹಾಗೆಯೇ ನಂಬಿರುತ್ತಾರೆ. ಕ್ರಾಫ್ಟ್, ಲ್ಯಾಂಗ್ ಮತ್ತು ನೊಟೊವಿಡಿಗ್ಡೊ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದಲ್ಲಿ ಸುಮಾರು 3,000 ಉದ್ಯೋಗ ಜಾಹೀರಾತುಗಳಿಗೆ 12,000ದಷ್ಟು ಕಾಲ್ಪನಿಕ ರೆಸ್ಯೂಮೆಗಳನ್ನು ಕಳುಹಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿರುದ್ಯೋಗದ ಮೊದಲ ಎಂಟು ತಿಂಗಳಲ್ಲೇ ಸಂದರ್ಶನದ ಕರೆಗಳು ತೀವ್ರವಾಗಿ ಇಳಿದಿದ್ದವು, ಅದರಲ್ಲೂ ಕೆಲಸ ಸುಲಭವಾಗಿ ಸಿಗುವ ಊರುಗಳಲ್ಲಿ ಈ ಇಳಿಕೆ ಹೆಚ್ಚಾಗಿತ್ತು. ‘ಇಂಥ ಊರಲ್ಲೂ ಕೆಲಸ ಸಿಗಲಿಲ್ಲವೇ’ ಎಂಬ ಅನುಮಾನ ಬೆಂಗಳೂರಿನಲ್ಲಿರುವ ನನಗೆ ಹೊಸದಲ್ಲ. ಬೇರೆಡೆ ಕೆಲಸದಲ್ಲಿರುವವರ ತೊಂಬತ್ತು ದಿನಗಳ ನೋಟಿಸ್ ಪೀರಿಯಡ್ ಮುಗಿಯುವವರೆಗೆ ಕಾಯಲಾಗದೆಂದು ಗೊಣಗುವ ನಾವೇ, ನಾಳೆ ಬೆಳಿಗ್ಗೆ ಬಂದು ಸೇರಬಲ್ಲವರನ್ನು ಶಂಕಿಸುತ್ತೇವೆ.

2023ರಲ್ಲಿ ಒಬ್ಬ ಹೆಣ್ಣುಮಗಳು ಬಂದಿದ್ದರು. ಪಾರ್ಶ್ವವಾಯು ಹೊಡೆದ ಅತ್ತೆಯನ್ನು ನೋಡಿಕೊಳ್ಳಲು 2019ರಲ್ಲಿ ಕೆಲಸ ಬಿಟ್ಟವರು. ‘ಜಿಎಸ್‌ಟಿಯಲ್ಲಿ ಆಮೇಲೆ ಬಹಳ ಬದಲಾಗಿದೆಯಲ್ಲ ಮೇಡಂ’ ಎಂದು ನನ್ನ ಸಹೋದ್ಯೋಗಿ ಸಂದರ್ಶನ ಮುಗಿಸುವ ದನಿಯಲ್ಲಿ ಹೇಳಿದರು. ನಾನು ಒಂದು ತಿಂಗಳ ಖರೀದಿ ರಿಜಿಸ್ಟರನ್ನೂ, ಅವರು ಕೆಲಸ ಬಿಟ್ಟ ಮೇಲೆ ಜಾರಿಗೆ ಬಂದ ಜಿಎಸ್‌ಟಿಆರ್-2ಬಿಯನ್ನೂ ಮುಂದಿಟ್ಟು, ತಾಳೆ ನೋಡಲು ಹೇಳಿದೆ. ಮಾರಿದವರು ಸಲ್ಲಿಸಿದ ರಿಟರ್ನ್‌ಗಳಿಂದ ತಯಾರಾಗುವ ಈ ತಿಂಗಳ ಪಟ್ಟಿ, ಖರೀದಿಯಲ್ಲಿ ಕೊಟ್ಟ ತೆರಿಗೆಯಲ್ಲಿ ಎಷ್ಟನ್ನು ನಾವು ಕಟ್ಟಬೇಕಾದ ತೆರಿಗೆಯಿಂದ ಕಳೆಯಬಹುದು, ಅಂದರೆ ಇನ್‌ಪುಟ್ ಕ್ರೆಡಿಟ್ ಎಷ್ಟು, ಎಂದು ತೋರಿಸುತ್ತದೆ. ಅವರು ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ಗುರುತು ಹಾಕುತ್ತ ಹೋಗಿ ಒಂದು ಕಡೆ ನಿಂತರು. ‘ಈ ಬಿಲ್ಲು ಇದರಲ್ಲಿ ಬಂದಿಲ್ಲ ಸರ್, ಸಪ್ಲೈಯರ್ ರಿಟರ್ನ್ ಹಾಕಿಲ್ಲ ಅನ್ನಿಸುತ್ತೆ. ಈ ತಿಂಗಳು ಇನ್‌ಪುಟ್ ಕ್ರೆಡಿಟ್ ತೆಗೆದುಕೊಳ್ಳುವ ಹಾಗಿಲ್ಲ.’ ಕೇಳಿದಾಗ ತಿಳಿಯಿತು, ತಮ್ಮ ಭಾವನ ಹಾರ್ಡ್‌ವೇರ್ ಅಂಗಡಿಯ ಲೆಕ್ಕವನ್ನೆಲ್ಲ ಅಷ್ಟೂ ವರ್ಷ ಅವರೇ ನೋಡುತ್ತಿದ್ದರು. ಸಂಬಳವಿಲ್ಲದ ಕೆಲಸವನ್ನು ರೆಸ್ಯೂಮೆಯಲ್ಲಿ ಬರೆಯಬಹುದೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ಅವರನ್ನು ಆರಿಸಿದೆವು. ಆದರೆ ಸೇರ್ಪಡೆಯ ಆನ್‌ಲೈನ್ ಫಾರ್ಮು ಕಳೆದ ಮೂರು ತಿಂಗಳ ಪೇ ಸ್ಲಿಪ್ಪಿಲ್ಲದೆ ಮುಂದಕ್ಕೆ ಹೋಗುತ್ತಿರಲಿಲ್ಲ. ಆ ಕಡ್ಡಾಯವನ್ನು ಒಬ್ಬರಿಗಾಗಿ ಸಡಿಲಿಸಲು ಎಚ್‌ಆರ್ ವಿಭಾಗಕ್ಕೆ ನಾನು ಮೂರು ಮೇಲ್ ಬರೆಯಬೇಕಾಯಿತು. ಫಾರ್ಮು ಈಗಲೂ ಹಾಗೆಯೇ ಇದೆ.