ಮಾವನ ರೂಟರ್‌ಗೆ ಹಳೇ ಡೆಬಿಯನ್

ರೂಟರ್ ಅಂದ ಕೂಡಲೇ ವೈಫೈ ಡಬ್ಬಿ ಅಂದುಕೊಳ್ಳಬೇಡಿ. ಇದು ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ರೂಟರ್. ಶಿವಮೊಗ್ಗದಲ್ಲಿ ನಮ್ಮ ಮಾವನ ಅಂಗಡಿಯಲ್ಲಿದೆ. ಮನೆ ಹೆಸರಿನ ಬೋರ್ಡು, ದೇವರ ಮನೆ ಬಾಗಿಲು, ಇಂಥ ಕೆಲಸ. 2015ರಲ್ಲಿ ನಾನೇ ಅದಕ್ಕೆ ಬೀಗಲ್‌ಬೋನ್ ಬ್ಲ್ಯಾಕ್ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ಕೂರಿಸಿ, ಡೆಬಿಯನ್ 7 (ಒಂದು ಬಗೆಯ ಲಿನಕ್ಸ್) ಮೇಲೆ ಮಷೀನ್ ಓಡಿಸುವ ಮಷೀನ್‌ಕಿಟ್ ತಂತ್ರಾಂಶ ಹಾಕಿಕೊಟ್ಟಿದ್ದೆ. ಆಮೇಲೆ ಅದರ ನೆನಪೇ ಇರಲಿಲ್ಲ. ಹೋದ ತಿಂಗಳು ಫೋನ್ ಬಂತು.

"ಅಳಿಯಾ, ದೀಪಾನೇ ಹತ್ತತಾ ಇಲ್ಲ ಕಣೋ. ಗೃಹಪ್ರವೇಶದ ಬಾಗಿಲು ಅರ್ಧಕ್ಕೆ ನಿಂತಿದೆ."

ಬೋರ್ಡ್ ಸತ್ತಿತ್ತು. ಹೊಸದು ತರಿಸಿದೆ. ಹಳೆಯದರಲ್ಲಿ 2 ಜಿಬಿ ಇಎಂಎಂಸಿ (ಬೋರ್ಡಿಗೇ ಬೆಸೆದ ಸ್ಟೋರೇಜ್) ಇತ್ತು, ಇದರಲ್ಲಿ 4 ಜಿಬಿ. ಒಳಗೆ ಹೊಸ ಡೆಬಿಯನ್ ಬೇರೆ ತುಂಬಿಸಿ ಕಳಿಸಿದ್ದರು. ಅದನ್ನೇ ಇಟ್ಟುಕೊಳ್ಳಬಹುದಿತ್ತಲ್ವಾ ಅಂತ ಗೆಳೆಯನೊಬ್ಬ ಕೇಳಿದ. ಆಗಲ್ಲ. ಮೋಟರನ್ನು ಹೆಜ್ಜೆಹೆಜ್ಜೆಯಾಗಿ ತಿರುಗಿಸುವ ಸ್ಟೆಪ್ ಪಲ್ಸ್‌ಗಳನ್ನು ಲಿನಕ್ಸ್ ನೇರವಾಗಿ ಕೊಡುವುದಿಲ್ಲ. ಚಿಪ್‌ನೊಳಗೆ 200 ಮೆಗಾಹರ್ಟ್ಸ್‌ನ ಎರಡು ಪಿಆರ್‌ಯು, ಅಂದರೆ ಪುಟ್ಟ ಸಹಾಯಕ ಪ್ರೊಸೆಸರ್‌ಗಳು ಇವೆ, ಆ ಕೆಲಸ ಅವುಗಳದ್ದು. ಅವುಗಳನ್ನು ಓಡಿಸುವ ನನ್ನ ಸೆಟ್ಟಿಂಗ್ ಪೂರ್ತಿ 3.8.13 ಜೆನೊಮಾಯ್ ಕರ್ನಲ್‌ಗೆ, ಅಂದರೆ ಸಮಯ ತಪ್ಪದೆ ಕೆಲಸ ಮಾಡುವಂತೆ ತಿದ್ದಿದ ಹಳೇ ಲಿನಕ್ಸ್ ತಿರುಳಿಗೆ ಬರೆದದ್ದು. ಆ ಕಾಲದಲ್ಲಿ ಬೋರ್ಡಿನ ಮೇಲೆ ಕೂರುವ ಕೇಪ್ ಎಂಬ ಹೆಚ್ಚುವರಿ ಬೋರ್ಡ್‌ಗಳನ್ನು ಕರ್ನಲ್ಲೇ ಗುರುತಿಸುತ್ತಿತ್ತು. ಈಗ ಆ ಕೆಲಸ ಕರ್ನಲ್ಲನ್ನು ಎಬ್ಬಿಸುವ ಯು-ಬೂಟ್‌ಗೆ ಹೋಗಿದೆ. ಹೊಸದಕ್ಕೆ ಬದಲಾಯಿಸೋದು ಅಂದರೆ ಎಲ್ಲ ಮೊದಲಿಂದ. ಬಾಗಿಲು ಕೊಡಬೇಕಾದವರು ಅಷ್ಟು ದಿನ ಕಾಯುತ್ತಾರಾ?

ಎಸ್‌ಡಿ ಕಾರ್ಡಿನಲ್ಲೇ ಓಡಿಸಬಹುದಿತ್ತು. ಆದರೆ ಆ ಅಂಗಡಿಯ ಮರದ ಪುಡಿ ನೀವು ನೋಡಿಲ್ಲ. ಜೊತೆಗೆ ಮಷೀನಿನ ನಡುಕ. ಕಾರ್ಡು ಸಡಿಲವಾದರೆ ಬಾಗಿಲಿನ ಗಣಪತಿಗೆ ಸೊಂಡಿಲು ಅರ್ಧವೇ. ಹಾಗಾಗಿ ಇಎಂಎಂಸಿಗೇ ಹಾಕಬೇಕು.

ಪುಣ್ಯಕ್ಕೆ 2015ರಲ್ಲಿ ಇಡೀ ಸಿಸ್ಟಮ್ಮನ್ನು ಟಾರ್ ಮಾಡಿ, ಅಂದರೆ ಒಂದೇ ಫೈಲಾಗಿ ಕಟ್ಟಿ, ಒಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೆ. ಅದರೊಳಗೇ ಹಳೇ ಎಂಎಲ್‌ಒ (ಯು-ಬೂಟನ್ನು ಎಬ್ಬಿಸುವ ಮೊದಲ ತುಣುಕು), ಯು-ಬೂಟ್ ಫೈಲುಗಳೂ ಇದ್ದವು. ಹೊಸ ಡೆಬಿಯನ್ ಇರುವ ಎಸ್‌ಡಿ ಕಾರ್ಡ್ ಹಾಕಿ, ಆ ಕಾರ್ಡಿನಿಂದಲೇ ಶುರುವಾಗಲಿ ಅಂತ ಎಸ್2 ಬಟನ್ ಒತ್ತಿ ಹಿಡಿದು ಕರೆಂಟ್ ಕೊಟ್ಟೆ. ಈ ಬಟನ್ ಬಗ್ಗೆ ಒಂದು ಮಾತು. ಬೋರ್ಡಿಗೆ ಕರೆಂಟ್ ಬರುವ ಕ್ಷಣದಲ್ಲಿ ಮಾತ್ರ ಚಿಪ್ ಅದನ್ನು ನೋಡುತ್ತದೆ. ರೀಸೆಟ್ ಎಷ್ಟು ಸಲ ಒತ್ತಿದರೂ ಪ್ರಯೋಜನವಿಲ್ಲ, ವೈರ್ ಕಿತ್ತು ಮತ್ತೆ ಚುಚ್ಚಬೇಕು. ಹತ್ತು ವರ್ಷದ ಹಿಂದೆ ಇದನ್ನು ಕಲಿತಿದ್ದೆ, ಮರೆತಿದ್ದೆ, ಮತ್ತೆ ಅರ್ಧ ಗಂಟೆ ಕೊಟ್ಟು ಕಲಿತೆ.

ಇಎಂಎಂಸಿಯಲ್ಲಿ ಪಾರ್ಟಿಷನ್ ಮಾಡಿದೆ, ಫಾರ್ಮ್ಯಾಟ್ ಮಾಡಿದೆ, ಟಾರ್ ಬಿಚ್ಚಿದೆ. ಡಿಸ್ಕಿನ ಆರಂಭದಿಂದ 128 ಕೆಬಿ ದಾಟಿದ ಜಾಗಕ್ಕೆ ಎಂಎಲ್‌ಒ, 384 ಕೆಬಿ ದಾಟಿದ ಜಾಗಕ್ಕೆ ಯು-ಬೂಟ್. ಕಾರ್ಡ್ ತೆಗೆದು ಆನ್ ಮಾಡಿದೆ. ನೀಲಿ ದೀಪಗಳು ಸುಮ್ನೆ ಕೂತವು.

ಆಗ ಬೋರ್ಡ್ ಏನು ಹೇಳುತ್ತಿದೆ ಅಂತ ನೋಡಲು ಸೀರಿಯಲ್ ಕೇಬಲ್ ಹುಡುಕಿದೆ. ಮೊದಲೇ ಹಚ್ಚಬೇಕಿತ್ತು, ಸೋಮಾರಿತನ. ಬೋರ್ಡಿನ ಅಂಚಿನಲ್ಲಿ ಆರು ಪಿನ್ ಇವೆ. 3.3 ವೋಲ್ಟಿನ ಕೇಬಲ್, ವೇಗ 115200. ಪರದೆ ಮೇಲೆ ಯು-ಬೂಟ್ ಬಂತು, ಆದರೆ ಕೊನೆಯ ಸಾಲು "ಅನ್‌ರೆಕಗ್ನೈಸ್ಡ್ ಫೈಲ್‌ಸಿಸ್ಟಮ್ ಟೈಪ್", ಅಂದರೆ ಡಿಸ್ಕಿನ ಫಾರ್ಮ್ಯಾಟ್ ಗುರುತು ಸಿಗುತ್ತಿಲ್ಲ ಅಂತ. ಇದೇನು, ಈಗ ತಾನೇ ಲಿನಕ್ಸಿನ ಮಾಮೂಲಿ ಇಎಕ್ಸ್‌ಟಿ4 ಫಾರ್ಮ್ಯಾಟ್ ಮಾಡಿದ್ದೇನಲ್ಲ!

ಎರಡು ರಾತ್ರಿ ಹೋಯಿತು. ಯು-ಬೂಟ್ ಫೈಲೇ ಕೆಟ್ಟಿದೆ ಅಂದುಕೊಂಡು ಇಎಂಎಂಸಿಯ ಮೊದಲ 1 ಎಂಬಿ ಅಳಿಸಿ ಮತ್ತೆ ಬರೆಯಲು ಹೋದೆ. ನಿದ್ದೆಗಣ್ಣಲ್ಲಿ ಬರೆದ ಮೇಲೆ ಅಳಿಸಿದೆ. ಆಗ ಪರದೆ ತುಂಬ ಸಿ ಸಿ ಸಿ ಸಿ ಅಂತ ಸಾಲು. ಬೂಟ್ ಮಾಡಲು ಎಲ್ಲೂ ಏನೂ ಸಿಗದೆ, ಚಿಪ್ ಸೀರಿಯಲ್ ತಂತಿಯಲ್ಲಿ "ಯಾರಾದ್ರೂ ಕೊಡ್ರಪ್ಪಾ" ಅಂತ ಕೂಗುವುದು ಹಾಗೆ.

ತಪ್ಪು ಇದ್ದದ್ದು ಫಾರ್ಮ್ಯಾಟಿನಲ್ಲಿ. ಇಎಕ್ಸ್‌ಟಿ4 ಮಾಡುವ ಸಾಧನ 2016ರಲ್ಲಿ ಬಂದ 1.43ನೇ ಆವೃತ್ತಿಯಿಂದ 64ಬಿಟ್, ಮೆಟಾಡೇಟಾ ಚೆಕ್‌ಸಮ್ ಎಂಬ ಎರಡು ಸೌಲಭ್ಯಗಳನ್ನೂ ತಾನಾಗಿಯೇ ಸೇರಿಸುತ್ತದೆ. 2015ರ ಯು-ಬೂಟ್‌ಗೆ ಇಂಥ ಡಿಸ್ಕ್ ಓದಲು ಬರುವುದಿಲ್ಲ. ಬೋರ್ಡೂ ಸರಿ, ಟಾರೂ ಸರಿ. ನಡುವೆ ನಾನು ಹಾಸಿದ ಚಾಪೆ ಮಾತ್ರ ಹೊಸದು. ಎರಡನ್ನೂ ಬೇಡ ಅಂತ ಹೇಳಿ ಮತ್ತೆ ಫಾರ್ಮ್ಯಾಟ್ ಮಾಡಿದೆ. ಕರ್ನಲ್ ಎದ್ದಿತು. ಎದ್ದು, ಹಳೇ ಡಿಸ್ಕಿನ ಯುಯುಐಡಿ (ಗುರುತಿನ ಸಂಖ್ಯೆ) ಹುಡುಕುತ್ತಾ ನಿಂತಿತು. ಅದು ಸಣ್ಣ ಕೆಲಸ, ಬೂಟ್ ಫೋಲ್ಡರಿನ ಯುಎನ್ವಿ ಫೈಲಿನಲ್ಲಿ ಹೊಸದನ್ನು ಬರೆದೆ.

ಭಾನುವಾರ ಶಿವಮೊಗ್ಗಕ್ಕೆ ಹೋಗಿ ಕೂರಿಸಿದೆ. ಲ್ಯಾನ್ ಕೇಬಲ್ ಮಾತ್ರ ಚುಚ್ಚಲಿಲ್ಲ. ಡೆಬಿಯನ್ 7ಕ್ಕೆ ಭದ್ರತೆಯ ಅಪ್‌ಡೇಟ್ ಕೊಡುವ ಎಲ್‌ಟಿಎಸ್ ಬೆಂಬಲ 2018ಕ್ಕೇ ಮುಗಿದಿದೆ, ಡಿಸೈನ್ ಫೈಲು ಪೆನ್‌ಡ್ರೈವಿನಲ್ಲೇ ಬರಲಿ. ಮಾವ ಸಾಗುವಾನಿ ಬಾಗಿಲಿನ ಮೇಲೆ ಕೈ ಆಡಿಸಿ, ನಿಂತಿದ್ದ ಜಾಗಕ್ಕೆ ಬಿಟ್ ತಂದು ಸ್ಟಾರ್ಟ್ ಒತ್ತಿದರು.

"ಹೊಸ ಬೋರ್ಡ್ ಅಂದ್ಯಲ್ಲೋ, ಎಲ್ಲಾ ಮೊದಲಿನ ಹಾಗೇ ಇದೆ?"

"ಅದಕ್ಕೇ ಮಾವ ಮೂರು ರಾತ್ರಿ ಆಗಿದ್ದು."